ಮದುವೆಯ ಕುಡಿಕೆಯಲ್ಲಿ ಮೊಳೆಯದ ಗೋಧಿ

ಉದ್ಯಾನಗಳ ಹೊಣೆ ಹೊತ್ತ ಮಾನ್ಯರೇ,

ತಾವು ಉಚಿತವಾಗಿ ಹಂಚಿದ ಗೊಬ್ಬರದಿಂದ ನನ್ನ ಮಗಳ ಮದುವೆಗೆ ವಿಘ್ನ ಶುರುವಾಯಿತು. ನಗು ಬಂದರೆ ನಕ್ಕುಬಿಡಿ. ತಮ್ಮ ಕಚೇರಿಯಲ್ಲಿ ಈಗಾಗಲೇ ನಕ್ಕಿದ್ದಾರೆ. ನಕ್ಕಾದ ಮೇಲೆ ದಯವಿಟ್ಟು ಮುಂದೆ ಓದಿ.

ಸಹಕಾರನಗರದ ನಮ್ಮ ಪಾರ್ಕಿನಲ್ಲೂ ಸುತ್ತಲ ಖಾಲಿ ಸೈಟುಗಳಲ್ಲೂ ಮಳೆ ಬಿದ್ದರೆ ಸಾಕು, ಪಾರ್ಥೇನಿಯಂ ಸೊಂಟದೆತ್ತರ ಬೆಳೆಯುತ್ತದೆ. ಹೂ ಬಿಡುವ ಮೊದಲೇ ಕೀಳಿಸಿ ಎಂದು ಕೇಳಿ ಕೇಳಿ ನಮಗೆ ಸಾಕಾಗಿತ್ತು. ಈ ವರ್ಷ ತಮಗೆ ಹೊಸ ಯೋಚನೆ ಹೊಳೆಯಿತು. ಕಳೆಯನ್ನು ಕತ್ತರಿಸಿ ಗುಂಡಿಗೆ ತುಂಬಿಸಿದಿರಿ. ಸರಿಯಾಗಿ ಕೊಳೆಯುವ ಮೊದಲೇ ತೆಗೆಸಿ, 'ಹಸಿರು ಉಡುಗೊರೆ' ಎಂದು ಚೀಲಗಳಲ್ಲಿ ಹಂಚಿದಿರಿ. ಫೋಟೊ ಕೂಡ ತೆಗೆಸಿದಿರಿ. ಅದರಲ್ಲಿ ಚೀಲ ಅಪ್ಪಿಕೊಂಡು ಹಲ್ಲು ಬಿಟ್ಟಿರುವವನು ನಾನೇ.

ಮಗಳು ವಂದನಾಳ ಮದುವೆ ಹತ್ತಿರ ಬಂದಿತ್ತು. ಅಂಕುರಾರ್ಪಣೆಯ ಮಣ್ಣಿನ ಕುಡಿಕೆಗಳಿಗೆ ನನ್ನ ಹೆಂಡತಿ ಅಲಮೇಲು ತಾವು ಕೊಟ್ಟ ಉಡುಗೊರೆಯನ್ನೇ ತುಂಬಿದಳು. ವಂದನಾ ನವಧಾನ್ಯ ಬಿತ್ತಿ ನೀರು ಚಿಮುಕಿಸಿದಳು. ಹೆಸರು, ಅವರೆ ಹೇಗೋ ತಲೆ ಎತ್ತಿದವು. ಗೋಧಿ, ಭತ್ತ ಮೇಲೇಳಲೇ ಇಲ್ಲ. ಕೆದಕಿ ನೋಡಿದರೆ ಬೇರಿನ ತುದಿ ಕಂದಿ ಸುರುಟಿಕೊಂಡಿತ್ತು. ಸೀರೆ ಕೊಡಲು ಬಂದಿದ್ದ ವರನ ಸೋದರತ್ತೆ ಕುಡಿಕೆಗಳನ್ನು ಕಂಡು ಕಾಫಿ ಲೋಟ ಕೆಳಗಿಟ್ಟರು.

"ಹುಡುಗಿ ಕೈಯಾರೆ ಬಿತ್ತಿದ್ದು ಮೊಳೀಲಿಲ್ಲ ಅಂದ್ರೆ ಸ್ವಲ್ಪ ಯೋಚ್ನೆ ಮಾಡ್ಬೇಕಾಗತ್ತೆ ಕಣ್ರೀ."

ಮರುದಿನವೇ ವರನ ಕಡೆಯಿಂದ ಮದುವೆ ಮುಂದಕ್ಕೆ ಹಾಕೋಣ ಎಂಬ ಮಾತು ಬಂತು.

ಸಮಾಧಾನ ಹೇಳಲು ಬಂದ ಪಕ್ಕದ ಮನೆಯ ಸಬೀರಾ ಕುಡಿಕೆ ನೋಡಿ, "ಇದು ಪಾರ್ಕ್ ಗೊಬ್ಬರ ಅಲ್ವಾ ಅಲಮೇಲಕ್ಕ? ನಮ್ ಟೆರೇಸಲ್ಲಿ ಇದ್ರಲ್ಲೇ ಜೋಳ ಹಾಕಿದ್ದೆ, ಒಂದೂ ಹುಟ್ಲಿಲ್ಲ. ನಮ್ಮನೇಲಿ ಯಾರ್ ಮದ್ವೇನೂ ಇಲ್ವಲ್ಲಾ!" ಎಂದರು.

ವಂದನಾ ಅಂದೇ ಎರಡು ತಟ್ಟೆಗಳಲ್ಲಿ ಒದ್ದೆ ಬಟ್ಟೆ ಹಾಸಿ, ಕುಡಿಕೆಗೆ ಬಿತ್ತಿದ್ದ ಅದೇ ಡಬ್ಬಿಯ ಗೋಧಿ ಹರಡಿದಳು. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಪಾರ್ಥೇನಿಯಂ ಎಲೆ ನೆನೆಸಿದ ನೀರು. ಮೊದಲನೆಯದು ಚೆನ್ನಾಗಿ ಮೊಳೆಯಿತು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಬಾಯಿ ಬಿಟ್ಟು ಹಾಗೇ ನಿಂತಿತು. ಈ ಗಿಡದ ಎಲೆ, ಬೇರುಗಳಿಂದ ಇಳಿಯುವ ರಾಸಾಯನಿಕಗಳು ಧಾನ್ಯದ ಮೊಳಕೆಯನ್ನು ತಡೆಯುತ್ತವೆ, ಮೊಳೆತದ್ದರ ಬೇರನ್ನೂ ಕುಗ್ಗಿಸುತ್ತವೆ. ಇದು ಕೃಷಿ ಓದಿದವರಿಗೆಲ್ಲ ಗೊತ್ತಿರುವ ಸಂಗತಿಯಂತೆ. ತಮ್ಮ ಕಚೇರಿಯಲ್ಲಿ ಕೃಷಿ ಓದಿದವರು ಯಾರೂ ಇಲ್ಲವೇ?

ತಟ್ಟೆಗಳನ್ನು ಅವಳೇ ವರನ ಮನೆಗೆ ಒಯ್ದಳು. ವರ ಜಯಂತ್ ಎರಡನ್ನೂ ಹೋಲಿಸಿ ನೋಡಿ, "ನಂಗೆ ಅರ್ಥ ಆಗತ್ತೆ ವಂದನಾ. ಆದ್ರೆ ಅತ್ತೆಗೆ ಹೇಗ್ ಹೇಳ್ಲಿ?" ಎಂದನಂತೆ.

ವಂದನಾ ಮನೆಗೆ ಬಂದು ನಿಶ್ಚಿತಾರ್ಥದ ಉಂಗುರ ತೆಗೆದಿಟ್ಟಳು. "ಬಿಡಪ್ಪಾ. ಅರ್ಥ ಆದ್ಮೇಲೂ ಬಾಯಿ ಬಿಡದೇ ಇರೋರ ಜೊತೆ ಹೇಗ್ ಬಾಳೋದು?" ಎಂದಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಕೂತ ನಮಗೆ ಕೇಳಿಸುತ್ತಿತ್ತು.

ಆ ಮನೆಯ ಅಂಜಿಕೆಗೆ ತಾವು ಕಾರಣರಲ್ಲ, ಒಪ್ಪುತ್ತೇನೆ. ಆದರೆ ಗೊಬ್ಬರಕ್ಕೆ? ತಟ್ಟೆಗಳನ್ನು ತಮ್ಮ ಮೇಜಿನ ಮೇಲಿಟ್ಟಾಗ, "ನಿಮ್ ಬೀಜಾನೇ ಹಳೇದಿರ್ಬೇಕು ಸಾರ್," ಎಂದಿರಿ. ಒಂದೇ ಡಬ್ಬಿಯ ಬೀಜ ಒಂದು ತಟ್ಟೆಯಲ್ಲಿ ಮಾತ್ರ ಹಳೆಯದಾಗುವ ವಿದ್ಯೆ ನನಗೆ ತಿಳಿಯದು. ತಟ್ಟೆಗಳನ್ನು ಎತ್ತಿಕೊಂಡು ಎದ್ದು ಬಂದೆ.

ಮೊನ್ನೆ ಪಾರ್ಕಿನ ಗೇಟಿನಲ್ಲಿ ಮತ್ತೆ ವಿತರಣೆ ನಡೆದಿತ್ತು. ಅಟ್ಟೂರಿನಿಂದ ಬಂದ ಹೆಂಗಸೊಬ್ಬರು ಮಗಳ ಮದುವೆಯ ಕುಡಿಕೆಗೆಂದು ಚೀಲ ಎತ್ತಿಕೊಳ್ಳುತ್ತಿದ್ದರು. ಬೇಡಮ್ಮ ಎಂದೆ. "ಯಾರ್ರೀ ನೀವು, ಶುಭಕಾರ್ಯಕ್ಕೆ ಅಡ್ಡ ಬರೋಕೆ?" ಎಂದು ಬೈದು, ಚೀಲ ಹೊತ್ತು ಬಸ್ಸು ಹತ್ತಿದರು.

ನನಗೆ ಪರಿಹಾರ ಬೇಡ. ಹೂ ಬಿಡುವ ಮೊದಲೇ ಕಳೆ ಕೀಳಿಸಿ. ಈ ಗೊಬ್ಬರದ ವಿತರಣೆ ನಿಲ್ಲಿಸಿ. ಇದರಲ್ಲಿ ಧಾನ್ಯ ಮೊಳೆಯದು ಎಂದು ಆ ಗೇಟಿಗೆ ಇವತ್ತೇ ಬೋರ್ಡು ಹಾಕಿಸಿ. ನಾನು ಹೇಳಿದರೆ ಅಪಶಕುನವಾಗುತ್ತದೆ. ತಾವು ಹೇಳಿದರೆ ಪ್ರಕಟಣೆಯಾಗುತ್ತದೆ.

ಇಂತಿ,
ತಮ್ಮ ಫೋಟೊದಲ್ಲಿ ಈಗಲೂ ನಗುತ್ತಿರುವ,
ಉಪೇಂದ್ರ
ಸಹಕಾರನಗರ