ಕಂಬದ ಕೆಳಗಿನ ಹೆಸರು

ಮಾರ್ಚ್ 6, ಶುಕ್ರವಾರ. ಬೆಳಿಗ್ಗೆ

ಮತ್ತೆ ಸೂಜಿ. ಲ್ಯಾಬಿನವಳು ಬಂದಳು, ಚುಚ್ಚಿದಳು, ಹೋದಳು. ಪ್ರತಿ ಶುಕ್ರವಾರ ಇದೇ ಪಾಡು, ಖಾಲಿ ಹೊಟ್ಟೆಯಲ್ಲಿ. ಒಂದು ವಾರ ಇಲ್ಲಿ ಮಗನ ಮನೆ, ಇನ್ನೊಂದು ವಾರ ಮಗಳ ಮನೆ. ಎಲ್ಲಿದ್ದರೂ ಸೂಜಿ ತಪ್ಪುವುದಿಲ್ಲ. ರಕ್ತ ನನ್ನದು, ರಿಪೋರ್ಟ್ ಮಾತ್ರ ಮಗನ ಫೋನಿಗೆ. ಶುಗರ್ ಎಷ್ಟು ಬಂತೋ ಅಂದರೆ, "ನಿಂಗ್ಯಾಕಪ್ಪ ಟೆನ್ಷನ್? ನಾನ್ ನೋಡ್ಕೋತೀನಿ." ಹಾಲು ಕುಡಿಯುವ ಮಗು ನಾನು!

ಕೆಳಗಿಳಿದು ಒಂದು ಸುತ್ತು ಹಾಕೋಣವೆಂದರೆ ಅದೂ ಇಲ್ಲ. ಮೆಟ್ಟಿಲಲ್ಲಿ ಒಮ್ಮೆ ಕಾಲು ಜಾರಿದ್ದೇ ನೆಪ... ಚಪ್ಪಲಿಯನ್ನೇ ಎತ್ತಿ ಅಟ್ಟಕ್ಕೆ ಹಾಕಿದ್ದಾನೆ. ಮಗಳ ಮನೆಗೆ ಹೊರಡುವ ದಿನ ಮಾತ್ರ ಇಳಿಯುತ್ತವೆ. ಇಲ್ಲಿದ್ದಷ್ಟು ದಿನ ಸೋಫಾ. ಅದರಲ್ಲೀಗ ನನ್ನ ಅಳತೆಯ ಗುಂಡಿ ಬಿದ್ದಿದೆ.

ಮಾರ್ಚ್ 9, ಸೋಮವಾರ. ಮಗಳ ಮನೆ

ಬರೆಯಲು ಪುರುಸೊತ್ತಿಲ್ಲ. ಅವಳ ನರ್ಸರಿಯ ಗಿಡಗಳಿಗೆಲ್ಲ ನೀರು ಹಿಡಿಯುವವನು ನಾನೇ. ಕುಂಡಗಳನ್ನು ಆ ಸಾಲಿನಿಂದ ಈ ಸಾಲಿಗೆ ಸಾಗಿಸಿದೆ. ಕಾಲು ನೋಯುತ್ತಿದೆ. ಚೆನ್ನಾಗಿದೆ.

ಮಾರ್ಚ್ 15, ಭಾನುವಾರ

ಮಗನ ಮನೆಗೆ ಬಂದು ಒಂದು ದಿನವಾಗಿಲ್ಲ, ಆಗಲೇ ವಿಚಾರಣೆ. ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟ. ಪರದೆಯ ತುಂಬ ಕಂಬಗಳು. ಎತ್ತರ, ಗಿಡ್ಡ, ಎತ್ತರ, ಗಿಡ್ಡ.

"ಇದು ನಿನ್ ಶುಗರ್ ಅಪ್ಪ. ಒಂದೊಂದು ಕಂಬ ಒಂದೊಂದು ವಾರ. ಆ ವಾರ ಯಾರ ಮನೇಲಿದ್ದೆ ಅಂತ ಕೆಳಗಡೆ ಹಾಕಿದೀನಿ ನೋಡು."

ಮೊದಲು ಅಲ್ಲಿ ಬರೀ 1, 2, 3 ಬರುತ್ತಿತ್ತಂತೆ. ಅದನ್ನು ತೆಗೆದು ತಾನೇ ಲೇಬಲ್ ಕೊಟ್ಟನಂತೆ: 'ನಮ್ಮದು', 'ಅಕ್ಕನದು'. ಮೊದಲನೆಯದೊಂದು ಬಿಟ್ಟರೆ ಎತ್ತರದ ಕಂಬಗಳ ಕೆಳಗೆಲ್ಲ 'ಅಕ್ಕನದು'.

"ಅಕ್ಕ ಏನೇನೋ ತಿನ್ನಿಸ್ತಾಳೆ. ಇನ್ಮೇಲೆ ಅಲ್ಲಿಗೆ ಹೋಗೋದು ಬೇಡ."

ಮೈಯೆಲ್ಲ ಉರಿಯಿತು. ನನ್ನನ್ನು ಒಂದು ಮಾತು ಕೇಳುವುದು ಬೇಡವೇ? ಫೋನಿನಲ್ಲಿ ಮಗಳು ಅತ್ತಳು. ಪಾಪ, ನಂಬಿಯೇಬಿಟ್ಟಿದ್ದಾಳೆ! "ಗ್ರಾಫೇ ಹೇಳ್ತಿದೆಯಲ್ಲಪ್ಪ..." ಗ್ರಾಫಿಗೆ ಬಾಯಿ ಬಂದಿದೆ. ನನಗೆ ಮಾತ್ರ ಬೀಗ.

ಮಾರ್ಚ್ 17, ಮಂಗಳವಾರ. ಮಧ್ಯಾಹ್ನ

ಸೊಸೆಗೆ ರಜೆ. ಆ ಕಂಬಗಳನ್ನು ಇನ್ನೊಮ್ಮೆ ತೋರಿಸು ಅಂದೆ. ಜಗಳ ತೆಗೆಯಲು ಏನಾದರೂ ಬೇಕಿತ್ತು, ಸಿಕ್ಕಿತು. ಮೊದಲ ಕಂಬದ ಕೆಳಗೆ 'ನಮ್ಮದು' ಅಂತಲೂ ಇಲ್ಲ, 'ಅಕ್ಕನದು' ಅಂತಲೂ ಇಲ್ಲ. ಬರೀ 'ಮನೆ'.

"ಯಾವ ಮನೆಯಮ್ಮ ಇದು?" ರೇಗಿದೆ. "ನಂದು ಅಂತ ಒಂದ್ ಮನೆ ಎಲ್ಲಿದೆ ಈಗ? ಮಾರಿ ಆಯ್ತಲ್ಲ!"

ಅವಳು ನಗಲಿಲ್ಲ. ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿದಳು. ಸೆಲೆಕ್ಟ್ ಡೇಟಾ. ಬಲಗಡೆ ಎಡಿಟ್. ಒಂದು ಕಾಲಂ ಸುತ್ತ ಚುಕ್ಕೆಗೆರೆ ಓಡತೊಡಗಿತು. ನೋಡುತ್ತಲೇ ಕೂತಳು.

"ಮಾವ... 'ಮನೆ' ಅನ್ನೋದು ಕಾಲಮ್ಮಿನ ಹೆಡಿಂಗು. ಲೇಬಲ್ ಸೆಲೆಕ್ಟ್ ಮಾಡುವಾಗ ಅದನ್ನೂ ಸೇರಿಸಿಬಿಟ್ಟಿದ್ದಾರೆ ಇವರು. ಹೆಸರೆಲ್ಲ ಒಂದೊಂದು ಕಂಬ ಮುಂದಕ್ಕೆ ಹೋಗಿದೆ."

ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಒಂದು ಮನೆ ಸರಿದರೆ ಸಾಕು, ಎಲ್ಲ ಅದಲು ಬದಲು! ಇಷ್ಟಕ್ಕೆ ನನ್ನ ಮಗಳು ಅತ್ತಳೇ?

ಹೆಡಿಂಗ್ ಬಿಟ್ಟು ಮತ್ತೆ ಆರಿಸಿದಳು. ಓಕೆ ಒತ್ತಿದಳು. ಎತ್ತರದ ಕಂಬಗಳ ಕೆಳಗೆಲ್ಲ ಈಗ 'ನಮ್ಮದು' — ಅಂದರೆ ಅವಳ ಅಡುಗೆಮನೆ. ಹಾಗಾಗುತ್ತದೆಂದು ತಿಳಿದೇ ಒತ್ತಿದಳು ಅವಳು.

ಮಾರ್ಚ್ 18, ಬುಧವಾರ

ಮಗನಿಗೆ ತೋರಿಸಿದೆವು. ತಪ್ಪಾಯಿತು ಅನ್ನಬೇಕೋ ಬೇಡವೋ? ಹೆಂಡತಿಯ ಕಡೆ ತಿರುಗಿದ.

"ಹಾಗಾದ್ರೆ ನೀನೇನ್ ಹಾಕ್ತಿದೀಯ ಅಪ್ಪಂಗೆ?"

ಅಕ್ಕನ ತಲೆಯ ಮೇಲೆ ಕೂರಿಸಿದ್ದ ಗೂಬೆಯನ್ನು ತಂದು ಇವಳ ತಲೆಯ ಮೇಲೆ ಕೂರಿಸಿದ! ಸಕ್ಕರೆ ಡಬ್ಬಿ ನನ್ನ ಕಣ್ಣಿಗೂ ಬೀಳದಂತೆ ಕಾಯುವವಳು ಅವಳು. ಕಣ್ಣು ತುಂಬಿಕೊಂಡು ತಟ್ಟೆ ಎತ್ತಿದಳು. ನನಗೆ ಪಿತ್ತ ನೆತ್ತಿಗೇರಿತು.

"ಕಂಬ ನಂದು ಕಣೋ. ಹೆಸರೂ ನಾನೇ ಇಡ್ತೀನಿ. ಕೊಡು ಇಲ್ಲಿ!"

ನಾನು ಟೈಪಿಂಗ್ ಮೇಷ್ಟ್ರಾಗಿದ್ದವನು. ಅವನು ಇವತ್ತಿಗೂ ಎರಡೇ ಬೆರಳಲ್ಲಿ ಕುಟ್ಟುತ್ತಾನೆ. ಯಾವ ಕಾಲಮ್ಮಿನಲ್ಲಿ ಹೊಡೆಯಬೇಕೆಂದು ಸೊಸೆ ತೋರಿಸಿದಳು. ಅವನಿಟ್ಟ ಹೆಸರುಗಳನ್ನೆಲ್ಲ ಅಳಿಸಿದೆ. ಎತ್ತರದ ಕಂಬಕ್ಕೆ 'ಕೂತೆ'. ಗಿಡ್ಡ ಕಂಬಕ್ಕೆ 'ನಡೆದೆ'. ಕೂತೆ, ನಡೆದೆ, ಕೂತೆ, ನಡೆದೆ... ಕೊನೆಯ ಕಂಬದವರೆಗೂ.

ಮಗ ನನ್ನ ಹಿಂದೆ ನಿಂತು ಓದಿದ. ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಒಳಗೆ ಹೋದ.

ಮಾರ್ಚ್ 20, ಶುಕ್ರವಾರ. ಬೆಳಿಗ್ಗೆ

ಸೂಜಿ ಆಯಿತು. ಮೊನ್ನೆಯಿಂದ ಮಗನ ಜೊತೆ ಮಾತು ಬಿಟ್ಟಿದ್ದೇನೆ. ಅವನೂ ಬಿಟ್ಟಿದ್ದಾನೆ. ಈ ಹಟ ಅವನಿಗೆ ಅವನಮ್ಮನ ಕಡೆಯಿಂದ ಬಂದದ್ದು, ನನ್ನಿಂದಲ್ಲ. ಈ ವಾರದ ಕಂಬಕ್ಕೂ 'ಕೂತೆ' ಎಂದೇ ಹೊಡೆಯಬೇಕು. ಹೊಡೆಯುತ್ತೇನೆ, ದಪ್ಪಕ್ಷರದಲ್ಲಿ!

ಹೊರಗೆ ಸ್ಟೂಲ್ ಎಳೆಯುವ ಸದ್ದು. ಯಾರೋ ಅಟ್ಟಕ್ಕೆ ಕೈ ಹಾಕಿದ್ದಾರೆ. ಜೋರಾಗಿ ಸೀನಿದ... ಮಗನೇ. ಧೂಳು ಕಂಡರೆ ಆಗುವುದಿಲ್ಲ.

ಬಾಗಿಲಲ್ಲಿ ನಿಂತಿದ್ದಾನೆ. ಕೈಯಲ್ಲಿ ನನ್ನ ಚಪ್ಪಲಿ. ಒರೆಸಿದ್ದಾನೆ ಬೇರೆ.

"ಅಪ್ಪ... ಕೆಳಗೊಂದು ರೌಂಡ್ ಹೋಗ್ಬರೋಣ್ವಾ? ಮೆಟ್ಟಿಲಲ್ಲಿ ನಾನ್ ಹಿಡ್ಕೋತೀನಿ."

ಹಿಡ್ಕೋತಾನಂತೆ! ಕೋಪ ಇನ್ನೂ ಇಳಿದಿಲ್ಲ ನನಗೆ. ನಿಂತಿರಲಿ ಸ್ವಲ್ಪ ಹೊತ್ತು. ಈ ಸಾಲೊಂದು ಮುಗಿಸಿ—