ಸೃಷ್ಟಿಯಿಂದ ಬರೆಸಿಕೊಂಡ ಆ ಹಾಳೆ

ಶಾಲಾ ಆಡಳಿತ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ನೀವು ನನಗೆ ಮೋಸ ಮಾಡಿದಿರಿ. ಸುತ್ತಿಬಳಸಿ ಹೇಳುವ ತಾಳ್ಮೆ ನನಗೆ ಉಳಿದಿಲ್ಲ.

ಕಮಲಾಪುರದ ನಿಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸರ್ವಾಧಿಕಾರದ ಪಾಠ ಮಾಡುವಾಗ ನಾನೊಂದು ಆಟ ಹೂಡಿದೆ. ಮೂರು ದಿನ ತರಗತಿಗೆ ನಾನೇ ಸರ್ವಾಧಿಕಾರಿ. ಪ್ರಶ್ನೆ ಕೇಳುವಂತಿಲ್ಲ, ಪಕ್ಕದವರು ಮಾತಾಡಿದರೆ ಅವರ ಹೆಸರನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಕೊಡಬೇಕು. ಮಾತಾಡಿದವರ ಹೆಸರನ್ನು ಮಾನಿಟರ್ ಬೋರ್ಡಿನ ಮೇಲೆ ಬರೆಯುವುದು ಮಕ್ಕಳಿಗೆ ರೂಢಿಯೇ ತಾನೆ. ನಾಲ್ಕನೇ ದಿನ ಎಲ್ಲರೂ ಕೂತು, ನಾವೆಷ್ಟು ಬೇಗ ಗೆಳೆಯರನ್ನು ಹಿಡಿದುಕೊಟ್ಟೆವು ಎಂದು ಮಾತಾಡುವುದಿತ್ತು. ಎರಡನೇ ದಿನಕ್ಕೇ ಚೀಟಿಗಳ ರಾಶಿ ಬಿತ್ತು. ಸೃಷ್ಟಿ ಎಂಬ ಹುಡುಗಿಯದು ಮಾತ್ರ ಖಾಲಿ. "ಬಾಜೂದಾಕಿ ಹಸಿವಾಗ್ಯಾದ ಅಂದಳ್ರಿ ಟೀಚರ್, ಅಷ್ಟ. ಅದಕ್ಕ ಆಕಿ ಹೆಸರು ಹೆಂಗ ಬರೀಲ್ರಿ?" ಎಂದಳು. ಅಂದು ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ನೀವು, "ಮೇಡಂ, ಕಲಿಸಿದ್ರ ಹಿಂಗ ಕಲಿಸ್ಬೇಕ್ರಿ!" ಎಂದು ಚಪ್ಪಾಳೆ ತಟ್ಟಿದಿರಿ.

ಮರುದಿನ ಕಲಬುರಗಿಯಿಂದ ಯಾರೋ ದೊಡ್ಡವರು ನಿಮಗೆ ಫೋನ್ ಮಾಡಿ, "ಸರ್ವಾಧಿಕಾರಿ ಅಂತ ಯಾರಿಗಿ ಅಂದಾಳ್ರಿ ಆಕಿ?" ಎಂದು ಕೇಳಿದರಂತೆ. ಭಲೇ! ಕೇಳಿದವರಿಗೆ ಯಾರ ನೆನಪಾಯಿತೋ, ನಾನು ಹೇಗೆ ಹೇಳಲಿ? ಚಪ್ಪಾಳೆ ತಟ್ಟಿದ ನೀವೇ ನಾಲ್ಕನೇ ದಿನದ ಪಾಠ ನಿಲ್ಲಿಸಿ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು ನನ್ನ ಕೈಗೆ ನೋಟಿಸು ಕೊಟ್ಟು, "ಟೀಚರ್ ನಮಗೆ ಕೆಟ್ಟದ್ದು ಕಲಿಸಿದರು" ಎಂದು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಬರೆಸಿಕೊಂಡಿರಿ. ನನ್ನ ಆಟವನ್ನು ಇಷ್ಟು ಚೆನ್ನಾಗಿ ಮುಂದುವರಿಸಿದ್ದಕ್ಕೆ ಧನ್ಯವಾದ ಹೇಳಲೇ?

ಸೃಷ್ಟಿ ಬರೆಯಲಿಲ್ಲ. ಶಾಲೆಯಲ್ಲೇ ಬಿಸಿಯೂಟ ಬೇಯಿಸುವ ಅವಳ ತಾಯಿ ಭೀಮಬಾಯಿಯನ್ನು ಕರೆಸಿ, ಮಗಳು ಬರೆಯದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಿರಿ. ಆ ತಾಯಿ ಮಗಳ ಕೈಹಿಡಿದು ನನ್ನ ಬಳಿ ಬಂದಳು. "ನೀವರ ಹೇಳ್ರಿ ಟೀಚರ್ ಆಕಿಗಿ. ನನ್ನ ಮಾತು ಕೇಳವಲ್ಲಳು."

ಸೃಷ್ಟಿ ನನ್ನನ್ನೇ ನೋಡಿದಳು. "ಸುಳ್ಳು ಬರೀಲೇನ್ರಿ?"

"ಬರಿಯವ್ವ," ಎಂದೆ. ಭೀಮಬಾಯಿಗಾಗಿ ಹಾಗೆ ಹೇಳಿದೆ ಎಂದು ನೆಪ ಹೇಳಲಾರೆ. ನನ್ನ ಕೆಲಸದ ಚಿಂತೆಯೂ ನನಗಿತ್ತು. ಅವಳು ಬರೆದಳು. ಈಗ ತರಗತಿಯಲ್ಲಿ ತಲೆ ಎತ್ತುವುದಿಲ್ಲ, ನನ್ನನ್ನು ಮಾತಾಡಿಸುವುದಿಲ್ಲ. ನನಗೆ ನಾಚಿಕೆಯಾಗುತ್ತದೆ. ನಿಮಗೆ?

ನೋಟಿಸು ವಾಪಸ್ ಪಡೆಯಿರಿ ಎಂದು ನಾನು ಬೇಡುವುದಿಲ್ಲ. ಇಡೀ ತರಗತಿಯ ಎದುರು ಆ ಹಾಳೆಯನ್ನು ಸೃಷ್ಟಿಯ ಕೈಗೆ ಕೊಟ್ಟು, ಇದು ಸುಳ್ಳು, ಹೆದರಿಸಿ ಬರೆಸಿಕೊಂಡದ್ದು ಎಂದು ನಿಮ್ಮ ಬಾಯಿಂದಲೇ ಹೇಳಿ. ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಆಮೇಲೆ ನಮ್ಮಿಬ್ಬರಿಗೂ ಅವಳು ಏನು ಹೇಳಬೇಕೋ ಹೇಳಲಿ. ನಾವು ಬಾಯಿ ಮುಚ್ಚಿ ಕೇಳೋಣ.

ಇಂತಿ,
ಹೆದರಿ ನಿಮ್ಮ ಕೆಲಸ ಮಾಡಿಕೊಟ್ಟ
ಅಂಬಿಕಾ, ಸಮಾಜ ವಿಜ್ಞಾನ ಶಿಕ್ಷಕಿ
ಖೂಬಾ ಪ್ಲಾಟ್, ಕಲಬುರಗಿ