ವರದಿಯ ಒಂದು ಪದದ ತಿದ್ದುಪಡಿ ಕೋರಿ

ಕುಸ್ತಿ ಸಂಘದ ಕಾರ್ಯದರ್ಶಿಗಳ ಸಮಕ್ಷಮಕ್ಕೆ,

೧. ಅರ್ಜಿದಾರ: ಸಂಘದ ಮಾಜಿ ತರಬೇತುದಾರ, ವಯಸ್ಸು ಎಪ್ಪತ್ತೊಂದು.
೨. ಬಾಧಿತಳು: ಅರ್ಜಿದಾರನ ಮೊಮ್ಮಗಳು, ವಯಸ್ಸು ಹತ್ತೊಂಬತ್ತು, ಐವತ್ತು ಕಿಲೋ ವಿಭಾಗ.
೩. ವಿಷಯ: ತಮ್ಮ ವರದಿಯಲ್ಲಿನ ತಪ್ಪು.

ಮಾನ್ಯರೇ,

ತೂಕ ನೋಡುವ ಹಿಂದಿನ ದಿನ ಆಕೆ "ಸ್ವಇಚ್ಛೆಯಿಂದ" ಉಗಿಕೋಣೆಯಲ್ಲಿ ಕುಳಿತಳೆಂದು ತಾವು ದಾಖಲಿಸಿರುತ್ತೀರಿ. ನನ್ನ ಮರ್ಯಾದೆ ಉಳಿಸುವ ತಮ್ಮ ದಾಕ್ಷಿಣ್ಯಕ್ಕೆ ಕೃತಜ್ಞನು. ಆದರೆ ಅದು ಸುಳ್ಳು.

ಇನ್ನೂ ಎರಡು ಕಿಲೋ ಇಳಿಯಬೇಕಿತ್ತು. ಬೆವರಿಳಿಸುವ ಪ್ಲಾಸ್ಟಿಕ್ ಅಂಗಿ ತೊಡಿಸಿ, ಹೊರಗಿನಿಂದ ಬೀಗ ಹಾಕಿದವನು ನಾನು.

"ತಾತ, ಒಂದು ಗುಟುಕು ನೀರು ಕೊಡು, ಬಾಯಿ ಮುಕ್ಕಳಿಸ್ತೀನಿ ಅಷ್ಟೇ, ನುಂಗಲ್ಲ, ನಿನ್ನಾಣೆ," ಎಂದಳು.

"ನಮ್ಮ ಕಾಲದಲ್ಲಿ ಎಂಜಲನ್ನೂ ನುಂಗ್ತಿರಲಿಲ್ಲ ಕಣೇ, ಉಗೀತಿದ್ವಿ," ಎಂದೆ.

"ಅದಕ್ಕೇ ನಿನ್ನ ಮಾತು ಇಷ್ಟು ಒಣಕಲು," ಎಂದು ಒಳಗಿನಿಂದ ನಕ್ಕಳು.

ಆಮೇಲೆ ಬಾಗಿಲು ಬಡಿದಳು. ನನ್ನ ಶಿಷ್ಯರೆಲ್ಲರೂ ಬಡಿದವರೇ ಎಂದು ನಾನು ಪತ್ರಿಕೆ ಓದುತ್ತ ಕುಳಿತೆ. ಬಡಿತ ನಿಂತಾಗ, ಹುಡುಗಿ ಗಟ್ಟಿಯಾದಳೆಂದು ಹೆಮ್ಮೆಪಟ್ಟೆ.

ಬೀಗ ತೆಗೆದಾಗ ಪ್ರಜ್ಞೆ ಇರಲಿಲ್ಲ. ಮೂತ್ರಪಿಂಡಗಳು ಸೋತು, ಈಗ ವಾರಕ್ಕೆ ಮೂರು ಬಾರಿ ಯಂತ್ರವು ಆಕೆಯ ರಕ್ತ ಶೋಧಿಸುತ್ತದೆ. ವೈದ್ಯರು ದಿನಕ್ಕೆ ಮೂರೇ ಲೋಟ ನೀರು ವಿಧಿಸಿದ್ದಾರೆ. ಅಳೆದು ಕೊಡುವ ಕೆಲಸ ನನ್ನದು. ಆಕೆ ಈಗಲೂ ಇನ್ನೊಂದು ಗುಟುಕು ಕೇಳುತ್ತಾಳೆ.

ಆದ್ದರಿಂದ "ಸ್ವಇಚ್ಛೆಯಿಂದ" ಎಂಬುದನ್ನು ಹೊಡೆದುಹಾಕಿ "ತಾತನ ಆಜ್ಞೆಯಿಂದ" ಎಂದು ಬರೆಯತಕ್ಕದ್ದು. ಮುಂದಿನ ವಾರದ ಆಯ್ಕೆಗೆ ಉಗಿಕೋಣೆಯನ್ನು ತೆರೆಯಕೂಡದೆಂದೂ ಪ್ರಾರ್ಥನೆ.

ಇಂತು ನಿವೇದಿಸುವ,
(ರುಜು) ಮಾಜಿ ತರಬೇತುದಾರ

ಲಗತ್ತು: ಉಗಿಕೋಣೆಯ ಬೀಗದ ಕೈ, ಒಂದು. ನಕಲು ಇರುವುದಿಲ್ಲ.